ಕೀ ಅವಳ ಹತ್ತಿರ ಇದೆ, ಈಗ ಬೇಡ ಅನ್ನಬಹುದಾ?

ಪ್ರಶ್ನೆ:
ನಾನು, ನನ್ನ ಹೆಂಡತಿ ಇಬ್ಬರೂ ಮೂವತ್ತು ದಾಟಿದವರು. ಚಾಸ್ಟಿಟಿ (ಒಬ್ಬರು ಒಪ್ಪಿಗೆಯಿಂದಲೇ ಕೆಲವು ದಿನ ಲೈಂಗಿಕ ಸುಖ ತಡೆಹಿಡಿದು, ಅದರ ಹಿಡಿತ ಸಂಗಾತಿಗೆ ಕೊಡುವ ಆಟ) ವಿಷಯ ಮೊದಲು ಎತ್ತಿದ್ದು ನಾನೇ. ಅವಳು ಕೆಲವು ದಿನ ಯೋಚಿಸಿ ಒಪ್ಪಿದಳು. ಕೇಜ್ (ಶಿಶ್ನಕ್ಕೆ ಹಾಕುವ, ಬೀಗ ಇರುವ ಕವಚ) ಹಾಕಿಕೊಂಡು ಕೀ ಅವಳಿಗೆ ಕೊಟ್ಟೆ, 7 ದಿನ ಅಂತ ಮಾತು. 5ನೇ ರಾತ್ರಿ ಮೈ ಬಿಸಿಯಾಗಿದ್ದ ಹೊತ್ತಲ್ಲಿ "ಇನ್ನೂ ಎರಡು ವಾರ ಇರಲಿ" ಅಂತ ನಾನೇ ಅಂದುಬಿಟ್ಟೆ, ಅವಳೂ ಸರಿ ಅಂದಳು. ಬೆಳಿಗ್ಗೆ ಎದ್ದರೆ ಬೇಡ ಅನ್ನಿಸಿತು, ಆದರೆ ಬಾಯಿ ಬರಲಿಲ್ಲ. ಇವತ್ತು 9ನೇ ದಿನ. ನಾನೇ ಕೇಳಿ ನಾನೇ ಹಿಂದೆ ಸರಿದರೆ ಮಾತು ತಪ್ಪಿದ ಹಾಗೆ ಅಲ್ವಾ?

ಉತ್ತರ 1:
ಖಂಡಿತ ಅಲ್ಲ. ಕೀ ಕೊಟ್ಟಿದ್ದೀರಿ, ಒಪ್ಪಿಗೆಯನ್ನು ಕೊಟ್ಟು ಕೈತೊಳೆದುಕೊಂಡಿಲ್ಲ. ಅದು ನಿಮ್ಮದೇ, ಯಾವಾಗ ಬೇಕಾದರೂ ವಾಪಸ್ ತಗೋಬಹುದು. ಆ ಹೊತ್ತಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಒಪ್ಪಂದ ಅಂತ ಲೆಕ್ಕ ಹಿಡಿಯಬಾರದು. ನಮ್ಮಲ್ಲಿ ಒಂದು ನಿಯಮ ಇದೆ, ದಿನ ಕಡಿಮೆ ಮಾಡೋದು ಯಾವಾಗ ಬೇಕಾದರೂ ಆಗಬಹುದು, ಆದರೆ ಜಾಸ್ತಿ ಮಾಡೋದಿದ್ದರೆ ಮರುದಿನ ಹಗಲು ಹೊತ್ತಲ್ಲಿ, ಇಬ್ಬರೂ ಬಟ್ಟೆ ಹಾಕಿಕೊಂಡು ಎದುರುಬದುರು ಕೂತು ಮಾತಾಡಿದ ಮೇಲೆ ಮಾತ್ರ. ಸೇಫ್‌ವರ್ಡ್ (ಆಟ ನಿಲ್ಲಿಸೋಕೆ ಮೊದಲೇ ಗೊತ್ತು ಮಾಡಿಕೊಂಡ ಪದ) ಕೂಡ ಇಟ್ಟುಕೊಳ್ಳಿ. "ಪ್ಲೀಸ್ ಬಿಡು" ಅನ್ನೋದು ಆಟದ ಮಾತೂ ಆಗಿರುತ್ತೆ, ಹಾಗಾಗಿ ನಮ್ಮಲ್ಲಿ "ಹಳದಿ" ಅಂದರೆ ನಿಧಾನ, "ಕೆಂಪು" ಅಂದರೆ ಆಗಲೇ ಬೀಗ ತೆಗೆಯಬೇಕು, ಯಾಕೆ ಅಂತ ಆಮೇಲೆ ಕೇಳಬಹುದು.

ಉತ್ತರ 2:
ಮನಸ್ಸಿನ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಮೈಯ ವಿಷಯ ಹೇಳುತ್ತೇನೆ. ನಿದ್ದೆಯಲ್ಲಿ ರಾತ್ರಿಗೆ 3ರಿಂದ 5 ಸಲ ತಾನಾಗೇ ನಿಮಿರುತ್ತದೆ, ಅದನ್ನು ಯಾವ ಸಂಯಮವೂ ತಡೆಯಲ್ಲ. ಕೇಜನ್ನು ಬುಡದಲ್ಲಿ ಹಿಡಿದಿಡುವ ನನ್ನ ರಿಂಗ್ ಸ್ವಲ್ಪ ಬಿಗಿ ಇತ್ತು. ಎರಡನೇ ರಾತ್ರಿ ಎಚ್ಚರವಾದಾಗ ಜೋಮು ಹಿಡಿದಿತ್ತು, ಮುಟ್ಟಿದರೆ ತಣ್ಣಗೆ, ಬಣ್ಣ ನೇರಳೆ. ಕೀ ಇದ್ದವರು ಬೇರೆ ಊರಲ್ಲಿದ್ದರು! ನಡುಗೋ ಕೈಯಲ್ಲಿ ಕಟ್ಟರ್ ಹಿಡಿದು ಆ ಚಿಕ್ಕ ಬೀಗ ಕತ್ತರಿಸಿದ್ದು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಇನ್ನೊಂದು ಕೀ ಲಕೋಟೆಯಲ್ಲಿ ಅಂಟಿಸಿ ಮನೆಯಲ್ಲೇ ಇಟ್ಟಿದ್ದೇನೆ. ಪ್ರಯಾಣದಲ್ಲಿ ಬೀಗದ ಬದಲು ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕುತ್ತೇನೆ, ಕತ್ತರಿಯಲ್ಲಿ ತುಂಡಾಗುತ್ತೆ, ತೆಗೆದದ್ದೂ ಗೊತ್ತಾಗುತ್ತೆ. ಊತ ಬಂದು ರಿಂಗ್ ಹೊರಗೆ ಬರದಿದ್ದರೆ ನಾಚಿಕೆ ಅಂತ ಬೆಳಗಿನವರೆಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಉತ್ತರ 3:
ಕೀ ಹಿಡಿದಿರುವವಳಾಗಿ ಹೇಳುತ್ತಿದ್ದೇನೆ. "ನಾನು ಎಷ್ಟೇ ಬೇಡಿಕೊಂಡರೂ ಕೊಡಬೇಡ" ಅಂತ ನನ್ನ ಗಂಡ ಶುರುವಿನಲ್ಲಿ ಹೇಳಿದ್ದ. ನಾನು ಆಗಲ್ಲ ಅಂದೆ. ನಿಜವಾಗಿ ನೋಯುತ್ತಿರುವವನ ಮುಂದೆ ಕಲ್ಲಿನ ಹಾಗೆ ನಿಲ್ಲೋದು ನನ್ನಿಂದ ಸಾಧ್ಯ ಇಲ್ಲ, ಅದಕ್ಕೆ ನನ್ನ ಒಪ್ಪಿಗೆಯೂ ಬೇಕಲ್ಲ. ನೀವು ಸುಮ್ನೆ ಸಹಿಸಿಕೊಂಡರೆ ಅವರಿಗೆ ಗೊತ್ತಾಗೋದು ಹೇಗೆ? ನಿಮಗೆ ಖುಷಿಯಾಗಿದೆ ಅಂತ ನಂಬಿಕೊಂಡು ಅವರು ಕೀ ಕಾಯುತ್ತಿರುತ್ತಾರೆ. ಒಂದು ತಿಂಗಳು ನನಗೇ ಸಾಕಾಗಿ ಕೀ ವಾಪಸ್ ಕೊಟ್ಟಿದ್ದೆ. ಅವನಿಗೆ ಬೇಜಾರಾಯಿತು, ಆದರೆ ಜಗಳ ಆಗಲಿಲ್ಲ.

ಉತ್ತರ 4:
ಕೇಜ್ ಇಲ್ಲದೆ ಬರೀ ಮಾತಿನ ಮೇಲೆ ಮಾಡಿ ನೋಡಿ. ನಾವು ಹಾಗೇ ಮಾಡೋದು. ಬೀಗ ಇದ್ದಾಗ ಕೈ ತಡೆಯೋದು ಲೋಹ, ಇಲ್ಲದಿದ್ದಾಗ ದಿನಾ ನಾವೇ ಮತ್ತೆ ಒಪ್ಪಬೇಕು. ನನಗೆ ಅದೇ ಕಷ್ಟ, ಅದೇ ಇಷ್ಟ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಹೇಳಿದೆ. ಅವಳು ಏನೂ ಕೇಳದೆ ಎದ್ದು ಹೋಗಿ ಕೀ ತಂದಳು. ಆಮೇಲೆ "ನೀನು 5ನೇ ದಿನದಿಂದ ಯಾಕೆ ಮಂಕಾಗಿದ್ದೀಯ ಅಂತ ನಾನೂ ಯೋಚಿಸುತ್ತಿದ್ದೆ, ಕೇಳಿದರೆ ಆಟ ಕೆಡುತ್ತೇನೋ ಅಂತ ಸುಮ್ಮನಿದ್ದೆ" ಅಂದಳು. ಮುಂದಿನ ಸಲ 3 ದಿನ ಮಾತ್ರ. ಇನ್ನೊಂದು ಕೀ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಇಬ್ಬರೂ ಸಹಿ ಹಾಕಿದ್ದೇವೆ.