ಹಾಯಿದೋಣಿಯ ಮಾಸ್ಟ್ ಹಿಡಿಯೋ ತಂತಿ ಬದಲಿಸೋದು: ಗೊತ್ತಿದ್ದವರು ಹೇಳ್ರಿ

ಬಾಗಲಕೋಟೆ ನವನಗರದಿಂದ ಪ್ರಶ್ನೆ: 16 ಅಡಿ ಫೈಬರ್ ಹಾಯಿದೋಣಿ, ಆಲಮಟ್ಟಿ ಹಿನ್ನೀರಿನ್ಯಾಗ ಓಡಿಸೋದು. 6 ಮೀಟರ್ ಅಲ್ಯೂಮಿನಿಯಂ ಮಾಸ್ಟು (ಹಾಯಿ ಕಟ್ಟೋ ಕಂಬ). ಮುಂದ ಒಂದು, ಎಡಬಲಕ್ಕ ಒಂದೊಂದು, 3 ಎಂಎಂ ಸ್ಟೀಲ್ ತಂತಿ. ಎಡಗಡೆ ತಂತಿ ಬುಡದಾಗ ಒಂದು ಎಳಿ ಹರದೈತಿ, ಕಂದು ಕಲೆ ಇಳದೈತಿ. ಅದೊಂದನ್ನ ಬದಲಿಸಿದ್ರ ಸಾಕೇನ್ರಿ? ಬೋರ್‌ವೆಲ್ ಮೋಟರ್ ಇಳಿಸೋ ವೈರ್ ರೋಪ್ ಇಲ್ಲೇ ಸಿಗ್ತೈತಿ, ನಡೀತೈತೇನು? ಬಿಗಿ ಎಷ್ಟಿರಬೇಕು?

ಬೆಳಗಾವಿಯಿಂದ ಉತ್ತರ: ಬೋರ್‌ವೆಲ್ ರೋಪ್ ಬ್ಯಾಡ್ರಿ. ಅದು ರಾಟಿ ಮ್ಯಾಲೆ ಬಾಗಲಿ ಅಂತ ಹೊಸೆದದ್ದು, ಜಗ್ಗಿದ್ರ ಹಿಗ್ಗತೈತಿ. ಮಾಸ್ಟಿಗೆ ಹಿಗ್ಗದ ತಂತಿ ಬೇಕು: 1×19, ಅಂದ್ರ 19 ದಪ್ಪ ಎಳಿಯ ಒಂದೇ ಹುರಿ, 316 ದರ್ಜೆಯ ಸ್ಟೇನ್‌ಲೆಸ್. 3 ಎಂಎಂದು ಸುಮಾರು 700 ಕೆಜಿಗೆ ಹರೀತೈತಿ. ಒಂದು ಎಳಿ ಹರದ ತಂತಿ ಮುಗೀತು ಅಂತನ ತಿಳೀರಿ. ಎಡಬಲ ಎರಡೂ ಒಂದೇ ವಯಸ್ಸಿನವು, ಜೋಡಿನ ಬದಲಿಸ್ರಿ. ನನ್ನ ಕೇಳಿದ್ರ ಮುಂದಿನದೂ ಸೇರಿಸಿ ಮೂರೂ; ಅದು ಹೋದ್ರ ಮಾಸ್ಟ್ ಹಿಂದಕ್ಕ, ನಿಮ್ಮ ತಲಿ ಮ್ಯಾಲೆ.

ತಂತಿ ತುದಿ ಮಡಚಿ ಕಿವಿ ಮಾಡಿ, ಅದನ್ನ ಹಿಡಿಯೋ ತಾಮ್ರದ ಫೆರೂಲ್ (ಸಣ್ಣ ಕೊಳವಿ) ಹಾಕಿ ಪ್ರೆಸ್‌ನ್ಯಾಗ ಒತ್ತಿಸ್ರಿ. ಸುತ್ತಿಗಿ ಏಟು ಬ್ಯಾಡ. ಸ್ಟೇನ್‌ಲೆಸ್ ತಂತಿಗೆ ಅಲ್ಯೂಮಿನಿಯಂ ಫೆರೂಲೂ ಬ್ಯಾಡ, ಒದ್ದಿಯಾದ್ರ ಅಲ್ಯೂಮಿನಿಯಂ ತಿಂದು ಹೋಗತೈತಿ. ಯು-ಕ್ಲ್ಯಾಂಪ್ ಅಂತೂ ಬ್ಯಾಡೇ ಬ್ಯಾಡ. ಈ ಗಟ್ಟಿ ತಂತಿ ಮ್ಯಾಲೆ ಅದು ಜಾರ್ತೈತಿ, ಇಲ್ಲಾ ಎಳಿ ಜಜ್ಜತೈತಿ.

ವಿಜಯಪುರದಿಂದ: ಸಿಹಿನೀರು, ತುಕ್ಕು ಹಿಡಿಯಲ್ಲ ಅಂತ ನಂಬಬೇಡಿ. ಸ್ಟೇನ್‌ಲೆಸ್ ತುಕ್ಕು ತಡೆಯುವುದು ಮೇಲಿನ ತೆಳು ಪೊರೆಯಿಂದ, ಅದು ಮತ್ತೆ ಕೂಡಬೇಕಾದರೆ ಗಾಳಿ ತಾಗಬೇಕು. ಕೆಳತುದಿಯ ಫೆರೂಲ್ ಒಳಗೆ ನೀರು ನಿಂತರೆ ಗಾಳಿ ಇಲ್ಲ, ಅಲ್ಲೇ ತಿನ್ನಲು ಶುರು. ಅದಕ್ಕೇ ನಿಮ್ಮದು ಬುಡದಲ್ಲಿ ಹರಿದಿದೆ. ಟರ್ನ್‌ಬಕಲ್‌ಗೆ (ತಂತಿಯ ಬುಡದಲ್ಲಿ ತಿರುವಿ ಬಿಗಿ ಮಾಡುವ ಸ್ಕ್ರೂ) ಪೂರ್ತಿ ಟೇಪ್ ಸುತ್ತುವವರು ಇದನ್ನೇ ಮನೆಗೆ ಕರೆಯುತ್ತಾರೆ. ಸ್ಪ್ಲಿಟ್ ಪಿನ್ನಿನ (ಪಿನ್ ಕಳಚದಂತೆ ತಡೆಯುವ ಸೀಳು ತಂತಿ) ಚೂಪು ತುದಿಗೆ ಒಂದು ಸುತ್ತು ಸಾಕು. ಉಳಿದ ತಂತಿ ಪರೀಕ್ಷಿಸಲು ಹತ್ತಿಯ ಉಂಡೆ ಹಿಡಿದು ಮೇಲಿಂದ ಕೆಳಗೆ ಎಳೆಯಿರಿ, ಹರಿದ ಎಳೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಸವರಬೇಡಿ, ಕೊಕ್ಕೆಯಂತೆ ಚುಚ್ಚುತ್ತದೆ.

ಅಳತೆ ತಪ್ಪಿದರೆ ದುಡ್ಡು ನೀರಪಾಲು. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹೇಗೂ ದೋಣಿ ದಡದಲ್ಲಿರುತ್ತದೆ, ಆಗ ಮಾಸ್ಟ್ ಇಳಿಸಿ. ಹಲಗೆಗೆ ಮೊಳೆ ಹೊಡೆದು ಹಳೆ ತಂತಿಯ ಕಿವಿ ಸಿಕ್ಕಿಸಿ, ಜಗ್ಗಿ ಹಿಡಿದು, ಪಿನ್ ಕೂರುವ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆಯಿರಿ. ಹೊಸದು ಬಂದ ಮೇಲೆ ಅದೇ ಮೊಳೆಗೆ ಎಡಬಲ ಎರಡನ್ನೂ ಸಿಕ್ಕಿಸಿ ತಾಳೆ ನೋಡಿ. ಟರ್ನ್‌ಬಕಲ್ ಮೂರರಲ್ಲಿ ಒಂದು ಪಾಲು ಮಾತ್ರ ಮುಚ್ಚಿರುವಂತೆ ಉದ್ದ ಹೇಳಿ, ಹೊಸ ತಂತಿ ಸ್ವಲ್ಪ ಕೂರುತ್ತದೆ. ಥ್ರೆಡ್ಡಿಗೆ ಲ್ಯಾನೊಲಿನ್ ಗ್ರೀಸ್ ಹಚ್ಚಿ. ಸ್ಟೀಲಿಗೆ ಸ್ಟೀಲ್ ಒಣಗಿದ್ದಾಗ ತಿರುಗಿಸಿದರೆ ಕಚ್ಚಿಕೊಂಡು ಬಿಡುವುದೇ ಇಲ್ಲ.

ಬೆಳಗಾವಿ, ಮತ್ತ: ಬಿಗಿ ಬಗ್ಗೆ. ಹರಿಯೋ ತೂಕದ 10–15 ಪ್ರತಿಶತ, ನಿಮಗ 70ರಿಂದ 100 ಕೆಜಿ. ಗೇಜ್ ಇಲ್ಲದಿದ್ರೂ ನಡೀತೈತಿ. 2 ಮೀಟರ್ ಅಳತೆ ಪಟ್ಟಿ ತಗೋರಿ, ತಂತಿ ಸಡಿಲ ಆದ್ರೂ ನೆಟ್ಟಗಿದ್ದಾಗ ಪಟ್ಟಿಯ ಮೇಲ್ತುದಿ ತಂತಿಗೆ ಟೇಪಿನಿಂದ ಕಟ್ರಿ. ಕೆಳತುದಿ ಎಲ್ಲಿ ಬಂತೋ ಅಲ್ಲಿ ತಂತಿಗೆ ಗುರುತು ಹಾಕ್ರಿ. ಟರ್ನ್‌ಬಕಲ್ ತಿರುವಿದಂಗ ಗುರುತು ಪಟ್ಟಿ ತುದಿಯಿಂದ ಕೆಳಗ ಸರೀತೈತಿ. ಒಂದು ಎಂಎಂ ಸರಿದ್ರ 5 ಪ್ರತಿಶತ, ಮೂರಾದ್ರ 15. ಅಲ್ಲಿಗೆ ನಿಲ್ಲಿಸ್ರಿ. ಎಡಕ್ಕ ಎಷ್ಟು ಸುತ್ತೋ ಬಲಕ್ಕೂ ಅಷ್ಟ. ಮುಂಜಾನಿ ಬಿಗಿ ಮಾಡಿದ್ದು ಮಧ್ಯಾಹ್ನದ ಬಿಸಲಿಗೆ ಇನ್ನೊಂಚೂರು ಬಿಗೀತೈತಿ, ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗತೈತಿ. ಮೊದಲ ಎರಡು ಓಟ ಆದ ಮ್ಯಾಲೆ ಮತ್ತ ನೋಡ್ರಿ. ಒಳ್ಳೆ ಗಾಳಿಗೆ ಗಾಳಿಮರಿ ಕಡಿ (ಗಾಳಿ ಬರೋದರ ಆಚಿ ಬದಿ) ತಂತಿ ಜೋಲಾಡಿದ್ರ ಸಡಿಲ ಐತಿ ಅಂತ ತಿಳೀರಿ.

ವಿಜಯಪುರ: ಮಾಸ್ಟ್ ಎತ್ತುವ ಮೊದಲು ಮೇಲೆ ನೋಡಿ. ದಡದ ಹೊಲಗಳ ಮೇಲೆ 11 ಕೆವಿ ಕರೆಂಟ್ ತಂತಿ ಜೋತುಬಿದ್ದಿರುತ್ತದೆ, ಅಲ್ಯೂಮಿನಿಯಂ ಮಾಸ್ಟ್ ಮುಟ್ಟಿದರೆ ಎರಡನೇ ಅವಕಾಶ ಇಲ್ಲ.

ನವನಗರ: ಹಳೆ ಪಿನ್ ಅವನ್ನ ಹಾಕಬಹುದೇನ್ರಿ?

ಬೆಳಗಾವಿ: ವರ್ನಿಯರ್ ಹಿಡಿದು ಮೂರು ಕಡಿ ಅಳೀರಿ. ನಡುವ ಸವೆದಿದ್ರ, ಬಾಗಿದ್ರ ಬ್ಯಾಡ. ದೋಣಿಗೆ ಬಡದ, ತಂತಿ ಸಿಗಿಸೋ ಪಟ್ಟಿಯ ತೂತು ದುಂಡಗ ಐತೇನು ನೋಡ್ರಿ, ಉದ್ದಕ್ಕ ಜಗ್ಗಿದ್ರ ಪಟ್ಟಿನೂ ಹೊಸದು ಬೇಕು. ಸ್ಪ್ಲಿಟ್ ಪಿನ್ನಂತೂ ಪ್ರತಿ ಸಲ ಹೊಸದು.