ಜಗಲಿಯೋ, ತೋಟವೋ: ಅಪ್ಪಯ್ಯ–ಆಯಿಯ ಫೋಟೊ ಕುರಿತು ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಭಾವ: (ಫಾರ್ವರ್ಡ್ ಆದ ಸಂದೇಶ) “ಹೊರಾಂಗಣದಲ್ಲಿ ಮೊದಲ ಸಲ ಫೋಟೊ ತೆಗೆಯುವವರಿಗೆ ಸೂತ್ರಗಳು: ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮಾತ್ರ ತೆಗೆಯಿರಿ. ಹಿನ್ನೆಲೆಯಲ್ಲಿ ಹಸಿರಿರಲಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಿಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ದಾಟದಿರಲಿ.”

ಮಾವನವರಿಗೆ 80 ತುಂಬುವ ಸಂದರ್ಭದ ಫೋಟೊವನ್ನು ಪುಟ್ಟಿಯೇ ತೆಗೆಯುತ್ತಾಳೆ ಎಂದು ಎಲ್ಲರೂ ಒಪ್ಪಿದ್ದೇವೆ. ಈ ಸಂದೇಶದಲ್ಲಿರುವಂತೆ ಶನಿವಾರ ಸಂಜೆ ಐದು ಗಂಟೆಗೆ ಎಲ್ಲರೂ ಅಡಿಕೆ ತೋಟಕ್ಕೆ ಇಳಿಯೋಣ.

ನಾನು: ಭಾವ, ನೀವು ಕಳಿಸಿದ್ದನ್ನು ಪೂರ್ತಿ ಓದಿದೆ. ಹೊಂಬಿಸಿಲು ಮುಖಕ್ಕೆ ಒಪ್ಪುತ್ತದೆ ಎಂಬುದು ನಿಜ, ಆದರೆ ಇದನ್ನು ಬರೆದವರು ನಮ್ಮ ತೋಟವನ್ನು ಕಂಡವರಲ್ಲ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಆ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಶಿರಸಿ ಇರುವುದು 15 ಡಿಗ್ರಿಗಿಂತ ಕಡಿಮೆ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ, ಒಳ್ಳೆಯ ಹೊಂಬಿಸಿಲು ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಸಾಲದ್ದಕ್ಕೆ ನಮ್ಮ ತೋಟ ಗುಡ್ಡದ ಬುಡದಲ್ಲಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಮೇಲಾದರೂ ತೋಟದಲ್ಲಿ ನಾಲ್ಕೂವರೆಗೇ ಬಿಸಿಲು ಹೋಗಿರುತ್ತದೆ.

ಅಕ್ಕ: ಹಾಗಾದರೆ ಮಧ್ಯಾಹ್ನವೇ ಹೋಗೋಣ, ತೋಟದಲ್ಲಿ ನೆರಳಿದೆಯಲ್ಲ. ಅಪ್ಪಯ್ಯ ಒಂದೊಂದೇ ಸಸಿ ನೆಟ್ಟು ಬೆಳೆಸಿದ ತೋಟ ಫೋಟೊದಲ್ಲಿ ಬರಬೇಡವೇ?

ನಾನು: ಬರಬೇಕು ಅಕ್ಕ. ಆದರೆ ಅಡಿಕೆ ಮರದ ಕೆಳಗಿನ ನೆರಳು ತುಂಬು ನೆರಳಲ್ಲ. ಸೋಗೆಯ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಗಾಳಿ ಬೀಸಿದಂತೆ ಜಾಗ ಬದಲಿಸುತ್ತದೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಆಯಿಯ ಕೆನ್ನೆಯ ಮೇಲೊಂದು ಬಿಳಿಯ ಮಚ್ಚೆ ಉಳಿದು ಕಣ್ಣುಗಳು ಕತ್ತಲಾಗುತ್ತವೆ. ಜೊತೆಗೆ ಎಲೆಗಳಿಂದ ಸೋಸಿ ಬರುವ ಬೆಳಕು ಮುಖಕ್ಕೆ ಹಸಿರು ಛಾಯೆ ಹಚ್ಚುತ್ತದೆ. ಅದು ಒಂದು ಪಕ್ಕಕ್ಕೆ ಮಾತ್ರ ತಾಗಿದ್ದರೆ ಆಮೇಲೆ ವೈಟ್ ಬ್ಯಾಲೆನ್ಸ್ (ಚಿತ್ರದ ಬಣ್ಣದ ಸಮತೋಲ) ಎಷ್ಟು ತಿದ್ದಿದರೂ ಇನ್ನೊಂದು ಪಕ್ಕ ಕೆಡುತ್ತದೆ.

ನನ್ನ ಆಯ್ಕೆ ಜಗಲಿ. ಅದು ಪೂರ್ವಕ್ಕೆ ತೆರೆದಿದೆ. ಹತ್ತೂವರೆಯ ಹೊತ್ತಿಗೆ ಸೂರ್ಯ ಮಾಡಿನ ಅಂಚಿನಿಂದ ಮೇಲೇರಿ ಜಗಲಿಗೆ ನೆರಳು ಬಿದ್ದಿರುತ್ತದೆ, ಎದುರಿನ ಅಂಗಳ ಮಾತ್ರ ಬಿಸಿಲಲ್ಲಿ ಹೊಳೆಯುತ್ತಿರುತ್ತದೆ. ಆ ಕೆಂಪು ನೆಲದಿಂದ ಮೇಲೆದ್ದು ಬರುವ ಬೆಳಕು ಮೆದುವಾಗಿ, ಬೆಚ್ಚಗಿನ ಬಣ್ಣದಲ್ಲಿ ಮುಖವನ್ನು ತುಂಬುತ್ತದೆ, ಹುಬ್ಬಿನ ಕೆಳಗಿನ ಕುಳಿಗಳನ್ನೂ ಬೆಳಗುತ್ತದೆ. 80 ವರ್ಷದ ಮುಖಕ್ಕೆ ಇದಕ್ಕಿಂತ ಒಳ್ಳೆಯ ಬೆಳಕನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಟ್ಟಿ: ಮಾವ, ಅಪರ್ಚರ್ ಪೂರ್ತಿ ತೆರೆದರೆ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ ಎಂದು ನಾನೂ ಕೇಳಿದ್ದೇನೆ. ನನ್ನ ಬಳಿ ಇರುವುದು 50 ಮಿ.ಮೀ. ಲೆನ್ಸ್, 1.8ರವರೆಗೆ ತೆರೆಯುತ್ತದೆ. ಅದನ್ನು ಬಳಸಬಾರದೇ?

ನಾನು: ಲೆನ್ಸ್ ಅದೇ ಇರಲಿ ಪುಟ್ಟಿ, ಅಪರ್ಚರ್ ಮಾತ್ರ ಕಿರಿದಾಗಿಸು, ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದಾಗುತ್ತದೆ. ನಿನ್ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ 1.8ಕ್ಕೆ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಆರೇಳು ಸೆಂಟಿಮೀಟರ್ ಮಾತ್ರ. ಅಜ್ಜ ಸ್ವಲ್ಪ ಮುಂದೆ ಬಾಗಿದರೆ ಸಾಕು, ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತದೆ. 4ಕ್ಕೆ ಇಟ್ಟರೆ ಆಳ ಎರಡರಷ್ಟಾಗುತ್ತದೆ. ಇಬ್ಬರೂ ಒಟ್ಟಿಗೆ ಕುಳಿತಾಗ 5.6 ಇಡು, ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. ಐಎಸ್‌ಒ 400ಕ್ಕೋ 800ಕ್ಕೋ ಏರಿದರೆ ಚಿಂತೆಯಿಲ್ಲ. ಶಟರ್ ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊ. ಹೆಚ್ಚಿದ ಐಎಸ್‌ಒದಿಂದ ಚಿತ್ರದಲ್ಲಿ ಮೂಡುವ ಸಣ್ಣ ಕಾಳುಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಕಣ್ಣನ್ನು ಸರಿಪಡಿಸಲಾಗದು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಶುಕ್ರವಾರದ ಕೆಲಸ. ಅದೇ ಹತ್ತೂವರೆಗೆ ಯಾರನ್ನಾದರೂ ಜಗಲಿಯಲ್ಲಿ ಮಣೆಯ ಮೇಲೆ ಕೂರಿಸಿ ಅವರ ಕಣ್ಣುಗುಡ್ಡೆಯನ್ನೇ ನೋಡು. ಅಂಗಳದ ಬೆಳಕು ಅಲ್ಲಿ ಚಿಕ್ಕ ಬಿಳಿಯ ಪಟ್ಟಿಯಾಗಿ ಕಾಣಬೇಕು. ಕಾಣದಿದ್ದರೆ ಮಣೆಯನ್ನು ಜಗಲಿಯ ಅಂಚಿನತ್ತ ಒಂದೊಂದೇ ಅಡಿ ಸರಿಸುತ್ತಾ ಹೋಗು. ಕಂಡ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕು. ಅಂಗಳದಲ್ಲಿ ಅಡಿಕೆ ಹರವುವ ಅಟ್ಟ ಅಡ್ಡ ಬರುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಭಾವ: ಜಗಲಿಯ ಫೋಟೊ ಎಲ್ಲರ ಮನೆಯಲ್ಲೂ ಇದೆ. ಗೋಡೆಗೆ ಒರಗಿ ಕುಳಿತ ಇನ್ನೊಂದು ಚಿತ್ರಕ್ಕಾಗಿ ಇಷ್ಟೆಲ್ಲ ಸಿದ್ಧತೆ ಬೇಕೇ? ತೋಟ ಬೇಕು ಎನ್ನುವ ನಿನ್ನ ಅಕ್ಕನ ಮಾತಿನಲ್ಲಿ ಅರ್ಥವಿದೆ.

ನಾನು: ಅದನ್ನು ಒಪ್ಪುತ್ತೇನೆ ಭಾವ. ಹಾಗಿದ್ದರೆ ತೋಟದ ಒಳಗೆ ಹೋಗದೆ ಅದರ ಪ್ರವೇಶದ ದಣಪೆಯ ಬಳಿ ನಿಲ್ಲಿಸೋಣ. ಬೆಳಿಗ್ಗೆ ಎಂಟೂವರೆಯವರೆಗೆ ಅಲ್ಲಿ ನೆರಳಿರುತ್ತದೆ, ಎದುರಿಗೆ ಆಕಾಶ ತೆರೆದಿರುತ್ತದೆ. ಅಪ್ಪಯ್ಯ ಆಕಾಶದ ಕಡೆ ಮುಖ ಮಾಡಿ ನಿಂತರೆ ಬೆನ್ನಿಗೆ ತೋಟ ಬರುತ್ತದೆ, ಮುಖಕ್ಕೆ ಹಸಿರು ಹತ್ತುವುದಿಲ್ಲ. ಅಲ್ಲಿ ಅಪ್ಪಯ್ಯನದ್ದೊಂದೇ ಚಿತ್ರ, ಹತ್ತೂವರೆಗೆ ಜಗಲಿಯಲ್ಲಿ ಇಬ್ಬರದ್ದೂ ಆಗಲಿ.

ಅಕ್ಕ: ಇಬ್ಬರೂ ಏನು ಉಡಬೇಕು?

ನಾನು: ಆಯಿ ಉಡುವ ಹತ್ತಿ ಸೀರೆಯೇ ಚೆನ್ನ, ಹೊಳೆಯುವ ಜರಿ ಬೇಡ. ಅಪ್ಪಯ್ಯನಿಗೆ ಬಿಳಿ ಪಂಚೆಯೇ ಇರಲಿ, ನೆರಳಿನಲ್ಲಿ ಅದು ಸುಟ್ಟಂತೆ ಕಾಣುವುದಿಲ್ಲ. ಕನ್ನಡಕದಲ್ಲಿ ಅಂಗಳ ಪ್ರತಿಫಲಿಸಿದರೆ ಅದನ್ನು ತೆಗೆಸಬೇಡಿ, ಪ್ರತಿಫಲನ ಮರೆಯಾಗುವವರೆಗೆ ಮುಖವನ್ನು ಸ್ವಲ್ಪ ಸರಿಸಲು ಹೇಳಿ.

ಪುಟ್ಟಿ: ಶುಕ್ರವಾರ ಮಣೆಯ ಮೇಲೆ ಅಪ್ಪನನ್ನೇ ಕೂರಿಸುತ್ತೇನೆ ಮಾವ. ತೆಗೆದ ಚಿತ್ರಗಳನ್ನು ಇಲ್ಲಿಗೇ ಕಳಿಸುತ್ತೇನೆ.

ಭಾವ: ಕುಳಿತುಕೊಳ್ಳುತ್ತೇನೆ. ದಣಪೆಯ ಬಳಿಯೂ ಒಂದು ತೆಗೆದು ಕಳಿಸು, ಎರಡನ್ನೂ ನೋಡಿಯೇ ತೀರ್ಮಾನಿಸೋಣ.