ಅಪ್ಪನ ಹೋಟೆಲ್ ಮಾರಿ ಫೈನ್ ಡೈನಿಂಗ್ ಶುರು ಮಾಡಬಹುದಾ?

ಕುಂದಾಪುರದ ಹುಡುಗ:

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ ನಮ್ಮ ಅಪ್ಪನ ಹೋಟೆಲ್ ಇದೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮೀನೂಟ. ಇವತ್ತಿಗೂ ಮಸಾಲೆ ಕಡೆಯುವುದು ಅಮ್ಮನೇ. ನಾವು ಮೂವರು ಮಕ್ಕಳು. ನಾನು ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈಗ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಕಿಚನ್‌ನಲ್ಲಿದ್ದೇನೆ. ತಂಗಿ ಬೇಕರಿ ಕೆಲಸ ಕಲಿತಿದ್ದಾಳೆ. ಅಣ್ಣ ಅಪ್ಪನ ಜೊತೆ ಗಲ್ಲಾ ನೋಡಿಕೊಳ್ಳುತ್ತಾನೆ. ಮೂವರೂ ಸೇರಿ ನಮ್ಮ ಕರಾವಳಿ ಅಡುಗೆಯ ಫೈನ್ ಡೈನಿಂಗ್ ರೆಸ್ಟೋರೆಂಟ್ ಮಾಡಬೇಕು ಅಂತ ಆಸೆ. ಹಳೇ ಹೋಟೆಲ್ ಮಾರಿ ದುಡ್ಡನ್ನೆಲ್ಲ ಬೆಂಗಳೂರಲ್ಲಿ ಹಾಕೋಣ ಅಂತಾನೆ ಅಣ್ಣ. ಅಪ್ಪ ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ಈ ವಿಷಯ ಬಂದರೆ ಎಲ್ಲರೂ ಸ್ಪೇನಿನಲ್ಲಿ ಹೆಸರುವಾಸಿ ರೆಸ್ಟೋರೆಂಟ್ ನಡೆಸುವ ರೋಕಾ ಅಣ್ಣತಮ್ಮಂದಿರ ಹೆಸರು ಹೇಳುತ್ತಾರೆ. ಅವರು ಹೇಗೆ ನಡೆಸುತ್ತಿದ್ದಾರೆ? ಮನೆಯವರೇ ಸೇರಿದರೆ ಜಗಳ ಆಗಲ್ವಾ?

ಬಾರ್ಸಿಲೋನಾ ಅಡುಗೆಯವ:

ದಯವಿಟ್ಟು ಹೋಟೆಲ್ ಮಾರಬೇಡಿ ಮಾರಾಯ್ರೆ. ಇದನ್ನು ಹೇಳಲಿಕ್ಕೇ ಲಾಗಿನ್ ಆದೆ.

ನಾನು ಹೊನ್ನಾವರ ಕಡೆಯವನು, ಇಲ್ಲಿ ಅಡುಗೆ ಕೆಲಸದಲ್ಲಿದ್ದೇನೆ. ರೋಕಾದವರ ಊರು ಜಿರೋನಾ, ಬಾರ್ಸಿಲೋನಾದಿಂದ ಫಾಸ್ಟ್ ಟ್ರೇನಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ಅಲ್ಲಿನ ತಯಾಲಾ ಅನ್ನುವ ಬಡಾವಣೆಯಲ್ಲಿ 1967ರಲ್ಲಿ ಇವರ ಅಪ್ಪ ಅಮ್ಮ 'ಕಾನ್ ರೋಕಾ' ಅಂತ ಒಂದು ಊಟದಂಗಡಿ ತೆರೆದರು. ಕೂಲಿ ಕೆಲಸದವರು ಬಂದು ಹೊಟ್ಟೆ ತುಂಬ ಉಂಡು ಹೋಗುವ ಜಾಗ. ಅಡುಗೆ ಅಮ್ಮ ಮೊಂಟ್ಸೆರಾತ್ ಫೊಂಟಾನೆ ಅವರದು. ವಯಸ್ಸು 80 ದಾಟಿದ ಮೇಲೂ ಅವರು ಅಡುಗೆಮನೆಗೆ ಬರುತ್ತಿದ್ದರು.

1986ರಲ್ಲಿ ದೊಡ್ಡ ಮಗ ಜುವಾನ್, ಎರಡನೆಯವರು ಜೊಸೆಪ್ ಸೇರಿ 'ಎಲ್ ಸೆಲ್ಲರ್ ದೆ ಕಾನ್ ರೋಕಾ' ಶುರು ಮಾಡಿದರು. ಎಲ್ಲಿ ಗೊತ್ತಾ? ಅಪ್ಪ ಅಮ್ಮನ ಅಂಗಡಿಯ ಪಕ್ಕದಲ್ಲೇ. ಮಿಷಲಿನ್ ಗೈಡ್ ಒಳ್ಳೆಯ ರೆಸ್ಟೋರೆಂಟುಗಳಿಗೆ ಕೊಡುವ ಸ್ಟಾರ್ ಇದೆಯಲ್ಲ, ಹೆಚ್ಚೆಂದರೆ ಮೂರು, ಅದರಲ್ಲಿ ಮೊದಲನೆಯದು ಬಂದದ್ದು 1995ರಲ್ಲಿ. ಎರಡನೆಯದು 2002ರಲ್ಲಿ. ಆಗಲೂ ಅಲ್ಲೇ ಇದ್ದರು. ಈಗಿನ ಜಾಗಕ್ಕೆ ಹೋದದ್ದು 2007ರಲ್ಲಿ, ಅಂದರೆ 21 ವರ್ಷ ಆದ ಮೇಲೆ. ಅದೂ ಬೇರೆ ಊರಿಗಲ್ಲ, ಅದೇ ಬಡಾವಣೆಯಲ್ಲಿ, ಮೊದಲು ಸಮಾರಂಭದ ಊಟಗಳಿಗೆ ಬಳಸುತ್ತಿದ್ದ ಒಂದು ಹಳೇ ಮನೆಗೆ. 2009ರಲ್ಲಿ ಮೂರನೇ ಸ್ಟಾರ್ ಬಂತು. 2013ರಲ್ಲಿ, ಮತ್ತೆ 2015ರಲ್ಲಿ ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟುಗಳ 'ವರ್ಲ್ಡ್ಸ್ 50 ಬೆಸ್ಟ್' ಪಟ್ಟಿಯಲ್ಲಿ ಮೊದಲ ಸ್ಥಾನ.

ಜಗಳದ ಬಗ್ಗೆ ಕೇಳಿದಿರಿ. ಅವರಲ್ಲಿ ಒಬ್ಬರ ಕೆಲಸ ಇನ್ನೊಬ್ಬರದಲ್ಲ. ಜುವಾನ್ ಅಡುಗೆ. ಜೊಸೆಪ್ ವೈನ್, ಜೊತೆಗೆ ಹಾಲ್‌ನ ಪೂರ್ತಿ ಜವಾಬ್ದಾರಿ. ಕೊನೆಯವರು ಜೊರ್ಡಿ ಸಿಹಿ. ಜೊರ್ಡಿ ಹುಟ್ಟಿದ್ದು 1978ರಲ್ಲಿ, ಜುವಾನ್‌ಗಿಂತ 14 ವರ್ಷ ಚಿಕ್ಕವರು. ಮೊದಲು ಬಡಿಸುವ ಕಡೆ ಇದ್ದವರು, ಆಮೇಲೆ ಅಲ್ಲಿದ್ದ ಡೇಮಿಯನ್ ಆಲ್ಸಪ್ ಅನ್ನುವ ಪೇಸ್ಟ್ರಿ ಶೆಫ್ ಹತ್ತಿರ ಕಲಿತರು. ಪರ್ಫ್ಯೂಮ್‌ಗಳ ವಾಸನೆ ಹಿಡಿದು ಅದೇ ಪರಿಮಳದ ಡೆಸರ್ಟ್ ಮಾಡುವುದು ಅವರದೇ ಯೋಚನೆ. 2014ರಲ್ಲಿ ಜಗತ್ತಿನ ಅತ್ಯುತ್ತಮ ಪೇಸ್ಟ್ರಿ ಶೆಫ್ ಅಂತ ಪ್ರಶಸ್ತಿ ಬಂತು. ಅಣ್ಣಂದಿರ ನೆರಳಲ್ಲೇ ಉಳಿಯಬಹುದಾಗಿದ್ದ ಹುಡುಗನಿಗೆ ತನ್ನದೇ ಅಂತ ಒಂದು ಮೂಲೆ ಸಿಕ್ಕಿತು, ಆ ಮೂಲೆಗೆ ಉಳಿದಿಬ್ಬರು ಕೈ ಹಾಕಲಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಸೆಲ್ಲರ್‌ನ ಕೆಲಸದವರು ಮಧ್ಯಾಹ್ನದ ಊಟಕ್ಕೆ ಅಮ್ಮನ ಅಂಗಡಿಗೇ ಹೋಗುತ್ತಿದ್ದರು. ಕೂಗಳತೆ ದೂರ. ನಾನು ಕಾನ್ ರೋಕಾಕ್ಕೆ ಊಟಕ್ಕೆ ಹೋದಾಗ, ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಗುಂಪಾಗಿ ರಸ್ತೆಯಲ್ಲಿ ನಡೆದು ಬಂದರು. ಮೂರು ಸ್ಟಾರ್ ಕಿಚನ್ನಿನವರು, ಸಾದಾ ಮೇಜಿನ ಮೇಲೆ ಬ್ರೆಡ್ ಮುರಿದುಕೊಂಡು ಸೂಪು ಕುಡಿಯುತ್ತಿದ್ದಾರೆ. ನಾನು ತಿಂದದ್ದು ಹಿಟ್ಟಿನಲ್ಲಿ ಅದ್ದಿ ಕರಿದ ಬೊಂಡಾಸ್, ಅಂದರೆ ಸ್ಕ್ವಿಡ್. ಬಿಸಿ ಬಿಸಿ, ಹೊರಗೆ ಗರಿ, ಒಳಗೆ ಮೆತ್ತಗೆ. ಹೆಚ್ಚು ಬೇಯಿಸಿದರೆ ರಬ್ಬರಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ಬೊಂಡಾಸ್ ಮಗನ ಮೆನುವಿನಲ್ಲೂ ಕಾಣಿಸಿಕೊಂಡಿದೆ. ಒಂದು ರಟ್ಟು ತೆಗೆದು ಬಿಡಿಸಿದರೆ ಒಳಗಿಂದ ಅಪ್ಪ ಅಮ್ಮನ ಬಾರ್ ಎದ್ದು ನಿಲ್ಲುತ್ತೆ, ಅದರಲ್ಲಿ ಪುಟ್ಟ ಮಕ್ಕಳಾಗಿ ಮೂವರು ಅಣ್ಣತಮ್ಮಂದಿರು, ಜೊತೆಗೆ ಒಂದೊಂದೇ ತುತ್ತಿನ ಹಳೇ ತಿನಿಸುಗಳು. ಅಂಗಡಿ ಮಾರಿದ್ದರೂ ಆ ತಟ್ಟೆ ಮಾಡಬಹುದಿತ್ತು. ಆದರೆ ತಿಂದವರು ಎದ್ದು ಹೋಗಿ ಅಸಲಿ ರುಚಿ ನೋಡಲು ಆಗುತ್ತಿರಲಿಲ್ಲ.

ಕುಂದಾಪುರದ ಹುಡುಗ:

ತುಂಬಾ ಥ್ಯಾಂಕ್ಸ್ ಅಣ್ಣ. ಇದನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಿದೆ. ಅಮ್ಮ ಬೊಂಡಾಸ್ ಯಾವ ಹಿಟ್ಟಿನದು ಅಂತ ಕೇಳಿದರು. ಅಣ್ಣನ ಪ್ರಶ್ನೆ ಮಾತ್ರ ಹಾಗೇ ಇದೆ: ಅಡುಗೆ ನನ್ನದು, ಸಿಹಿ ತಂಗಿಯದು, ಹಾಗಾದರೆ ದುಡ್ಡಿನ ಲೆಕ್ಕ ಯಾರದು?

ಲೆಕ್ಕದ ಸೊಸೆ, ದಾವಣಗೆರೆ:

ನಿಮ್ಮ ಅಣ್ಣ ಸರಿಯಾದದ್ದೇ ಕೇಳಿದ್ದಾರೆ. ನಮ್ಮ ಮಾವನವರ ಕಡೆ ಒಳ್ಳೆಯ ಹೆಸರಿದ್ದ ಒಂದು ಹೋಟೆಲ್ ಇತ್ತು. ಅಣ್ಣ ತಮ್ಮ ಇಬ್ಬರೂ ಬೇಕಾದಾಗ ಗಲ್ಲಾದಿಂದ ದುಡ್ಡು ತೆಗೆಯುತ್ತಿದ್ದರು. ಯಾರೂ ಕದಿಯಲಿಲ್ಲ, ಯಾರೂ ಬರೆದಿಡಲೂ ಇಲ್ಲ. ಮಗಳ ಮದುವೆ ಬಂದಾಗ ಯಾರು ಎಷ್ಟು ತೆಗೆದಿದ್ದಾರೆ ಅಂತ ಮಾತು ಬಂತು, ಹೋಟೆಲ್ ಎರಡು ಪಾಲಾಯಿತು, ಎರಡೂ ಮುಚ್ಚಿದವು. ರುಚಿಗೆ ಏನೂ ಆಗಿರಲಿಲ್ಲ.

ಮೂವರಿಗೂ ತಿಂಗಳ ಸಂಬಳ ಗೊತ್ತು ಮಾಡಿ. ಲಾಭದ ಪಾಲು ಬೇರೆ. ಅಪ್ಪ ಅಮ್ಮನಿಗೂ ಸಂಬಳ ಇರಲಿ, ಅವರ ದುಡಿಮೆಯನ್ನು ಸುಮ್ನೆ ತಗೋಬೇಡಿ. ಎಲ್ಲವನ್ನೂ ಕಾಗದದಲ್ಲಿ ಬರೆಸಿ. ತಂಗಿಗೆ ನಾಳೆ ಮದುವೆಯಾದರೂ ಅವಳ ಪಾಲು ಅವಳದೇ ಅಂತ ಅದರಲ್ಲಿ ಇರಲೇಬೇಕು.

ಬಾರ್ಸಿಲೋನಾ ಅಡುಗೆಯವ:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ರೋಕಾದವರು ಕೆಲಸದವರ ಮನಸ್ಸು ನೋಡಿಕೊಳ್ಳಲು ಇಮ್ಮಾ ಪುಯಿಗ್ ಅನ್ನುವ ಮನಶ್ಶಾಸ್ತ್ರಜ್ಞೆಯನ್ನು ಕರೆಸಿಕೊಂಡರು, ಬಾರ್ಸಾ ಫುಟ್‌ಬಾಲ್ ತಂಡದ ಜೊತೆ ಕೆಲಸ ಮಾಡಿದ್ದವರು. ಕಿಚನ್ನಿನಲ್ಲಿ ಯಾರಿಗೆ ಏನು ನೋವಿದೆ ಅಂತ ಕುಳಿತು ಮಾತಾಡಲು ಸಮಯ ಇಟ್ಟರು. ಬೈಗುಳ ತಿಂದೇ ಕೆಲಸ ಕಲಿತ ನನ್ನಂಥವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೂ ಗೊತ್ತಿರುತ್ತೆ.

ಅಮ್ಮನಿಗೆ ಹೇಳಿ: ಅದು ಮೈದಾ, ಮೊಟ್ಟೆ. ನಮ್ಮ ಹಾಗೆ ಖಾರ ಇಲ್ಲ. ಬೆಂಗಳೂರಲ್ಲಿ ಜಾಗ ಹುಡುಕುವ ಮೊದಲು, ನಿಮ್ಮ ಹೋಟೆಲಿನಲ್ಲೇ ರಾತ್ರಿ ಹೊತ್ತು ಎಂಟು ಹತ್ತು ಜನಕ್ಕೆ ಮಾತ್ರ ಮುಂಗಡ ಬುಕಿಂಗ್ ಇಟ್ಟು ನಿಮ್ಮ ಮೆನು ಬಡಿಸಿ ನೋಡಿ. ತಂಗಿಯ ಸಿಹಿಯೂ ಇರಲಿ. ಅಣ್ಣ ಹಾಲ್ ನೋಡಿಕೊಳ್ಳಲಿ, ಗಿರಾಕಿಗಳ ಮುಖ ಗುರುತಿಡುವುದು ಗಲ್ಲಾದಲ್ಲಿ ಕೂತವರಿಗೇ ಚೆನ್ನಾಗಿ ಬರುತ್ತೆ. ಮಳೆಗಾಲ ಕಳೆದು ಮೀನು ಬರಲು ಶುರುವಾದ ಮೇಲೆ ಮಾಡಿ, ಮೆನು ಆದ ಮೇಲೆ ಇಲ್ಲಿ ಹಾಕಿ.